ಚಚಡಿಯ ಕತ್ತಲಕೋಣೆಯಲ್ಲಿ ಕಟ್ಟಿದ ಹರಳು

ನನ್ನ ನಾದಿನಿ ಯಾವುದನ್ನೇ ನೋಡಲಿ, ಎಡಗಣ್ಣು ಅರ್ಧ ಮುಚ್ಚಿ, ಬಲಗಣ್ಣು ಅಗಲಿಸಿ ನೋಡುತ್ತಿದ್ದಳು. ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದರ ಅಭ್ಯಾಸ ಅದು. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ರಾಮದುರ್ಗದ ಮನೆಗೆ ಕಾಲಿಟ್ಟ ದಿನ ನನ್ನನ್ನೂ ಹಾಗೆಯೇ ನೋಡಿದಳು. ನನ್ನಲ್ಲಿ ಏನು ಕೊರತೆ ಕಂಡಿತೋ ಎಂದು ಸೆರಗು ಸರಿಮಾಡಿಕೊಂಡೆ.

"ವೈನಿ, ಬಿಎಸ್ಸಿಗೆ ಫಿಜಿಕ್ಸ್ ಇತ್ತಂತ. ಮುಂದ ಯಾಕ ಓದಲಿಲ್ರಿ?"

ಆರತಿ ಹಿಡಿದಿದ್ದ ನಮ್ಮ ಅತ್ತೆ, "ಮೊದಲ ಒಳಗರೆ ಬರಲಿ ಬಿಡ" ಎಂದು ಮಗಳನ್ನು ಗದರಿದರು.

ಆಕೆ ನನ್ನ ಗಂಡನ ತಂಗಿ; ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದ್ದರಿಂದ ನಾನು ಅಕ್ಕಾ ಎನ್ನುತ್ತಿದ್ದೆ. ಪಿಎಚ್‌ಡಿ ಮುಗಿಸಿ, ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಮುಂದಿನ ಸಂಶೋಧನೆಗೆ ಸೇರಿದ್ದಳು. ರೊಟ್ಟಿ ಬಡಿಯುತ್ತಲೇ ನನಗೆ ತನ್ನ ಕೆಲಸ ತಿಳಿಸಿ ಹೇಳಿದಳು. "ಬಿಸಿಲು ನಮ್ಮ ಮೈಯಾಗಿನ ಡಿಎನ್‌ಎ ಎಳಿ ದಿನಾ ಕೆಡಸ್ತದ. ಅದನ್ನ ರಿಪೇರಿ ಮಾಡೋ ಪ್ರೋಟೀನೂ ಒಳಗs ಅದ. ಅದರ ಆಕಾರ ಹೆಂಗದ ಅಂತ ನಾ ನೋಡಬೇಕು."

ನೋಡಬೇಕೆಂದರೆ ಮೊದಲು ಆ ಪ್ರೋಟೀನು ಹರಳುಗಟ್ಟಬೇಕು. ಆಮೇಲೆ ಹರಳಿಗೆ ಕ್ಷಕಿರಣ ಹಾಯಿಸಿ ಫೋಟೋ ತೆಗೆದು, ಅದರಲ್ಲಿ ಮೂಡುವ ಚುಕ್ಕಿಗಳಿಂದ ಆಕಾರ ಲೆಕ್ಕಹಾಕಬೇಕು. ಆದರೆ ಪ್ರಯೋಗಶಾಲೆಯ ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿತ್ತು. ನೆಲ ಅದುರಿ, ಪ್ರತಿಸಲವೂ ಹಿಟ್ಟಿನಂಥ ಪುಡಿಯೇ ಉಳಿಯುತ್ತಿತ್ತು. ಫೆಲೋಶಿಪ್ಪಿನ ಅವಧಿ ಮುಗಿಯಲು ಬಂದಿತ್ತು. ಹರಳು ಕಟ್ಟದಿದ್ದರೆ ಆ ಕೆಲಸವನ್ನೇ ಬಿಡಬೇಕಿತ್ತು.

ದೀಪಾವಳಿಗೆ ಬಂದಾಗ ಆಕೆಯ ಕೌದಿಯ ಹೊದಿಕೆಯೊಳಗೆ ಆ ಪ್ರೋಟೀನಿನ ದ್ರಾವಣ ತುಂಬಿದ ಗಾಜಿನ ನಳಿಗೆಗಳಿದ್ದವು. ನಮ್ಮ ಕಡೆಯ ಚಚಡಿ ಹಳ್ಳಿಯಲ್ಲಿ ಆಕೆಯ ಸೋದರತ್ತೆಯ ಮನೆ. ಅಲ್ಲಿ ಕಿಟಕಿಯಿಲ್ಲದ, ದಪ್ಪ ಮಣ್ಣಿನ ಗೋಡೆಯ ಉಗ್ರಾಣವೊಂದಿತ್ತು. ಒಳಗೆ ಸದಾ ಒಂದೇ ತಂಪು. ನಳಿಗೆಗಳನ್ನು ಅಲ್ಲಿಟ್ಟಳು.

"ಹೆಪ್ಪು ಹಾಕಿಟ್ಟಂಗೇನ ಇದು?" ಎಂದರು ಆ ಮುದುಕಿ.

"ಹಂಗs ತಿಳೀರಿ ಅತ್ಯಾ. ಅಲುಗಾಡಿದ್ರ ಕೆಟ್ಟs ಹೋತು."

ಅಂದಿನಿಂದ ಅವರು ಚಟ್ನಿಪುಡಿ ಕುಟ್ಟುವುದನ್ನೂ ಪಕ್ಕದ ಮನೆಗೆ ಸಾಗಿಸಿದರು.

ರಜೆ ಮುಗಿಯುವ ಹೊತ್ತಿಗೆ ನಾವಿಬ್ಬರೂ ನೋಡಲು ಹೋದೆವು. ನಾದಿನಿ ನಳಿಗೆಯೊಂದನ್ನು ಬಾಗಿಲ ಬೆಳಕಿಗೆ ಹಿಡಿದು, ಮಸೂರವನ್ನು ನನ್ನ ಕೈಗಿತ್ತಳು. "ನೀವs ನೋಡ್ರಿ. ನಂಗ ಧೈರ್ಯ ಆಗವಲ್ದು."

ಉಪ್ಪಿನ ಕಣಕ್ಕಿಂತ ಸಣ್ಣದು. ಆದರೆ ಅಂಚುಗಳು ನೆಟ್ಟಗೆ, ಚೂಪಾಗಿ ಹೊಳೆಯುತ್ತಿದ್ದವು.

"ಅಕ್ಕಾ, ಹರಳು!"

ಆಕೆ ಕಸಿದುಕೊಂಡು ನೋಡಿದಳು. ನಳಿಗೆಯನ್ನು ಜೋಪಾನವಾಗಿ ಇಟ್ಟವಳೇ ಓಡಿಹೋಗಿ ಸೋದರತ್ತೆಯನ್ನು ತಬ್ಬಿಕೊಂಡಳು. "ಮಡೀಲೆ ಇದ್ದೇನಿ, ಮುಟ್ಟಬ್ಯಾಡs!" ಎಂದು ಕೂಗುತ್ತಲೇ ಆ ಮುದುಕಿಯೂ ನಗತೊಡಗಿದರು. ಅವರು ಎರಡನೆಯ ಸಲ ಸ್ನಾನ ಮಾಡಬೇಕಾಯಿತು.

ಬೆಂಗಳೂರಿನ ರೈಲಿಗೆ ಆಕೆಯನ್ನು ಬಿಡಲು ಹೊರಟ ಧಾರವಾಡದ ಬಸ್ಸಿನಲ್ಲಿ ನಳಿಗೆಗಳ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಡ್ರೈವರ್ ವಯಸ್ಸಾದ ಸಾಬರು. ನಾದಿನಿ ಅವರಿಗೆ, "ಚಾಚಾ, ಸಾವಕಾಶ ಹೊಡೀರಿ, ನಾಜೂಕ ಸಾಮಾನ ಅದ" ಎಂದಳು.

"ತತ್ತಿ ಏನ್ರಿ ಬಾಯಾರ?"

"ತತ್ತಿಗಿಂತ ನಾಜೂಕ!"

ಅವರು ತೆಗ್ಗು ಬಂದಲ್ಲೆಲ್ಲ ಎತ್ತಿನ ಗಾಡಿಯಂತೆ ಬಸ್ಸು ನಡೆಸಿದರು. ಹಿಂದಿನವರು ಗೊಣಗಿದರೆ, "ಅವಸರ ಇದ್ದಾವ್ರು ಇಳದು ಓಡ್ರಿ" ಎಂದರು.

ಕೆಲ ದಿನಗಳ ನಂತರ ಎದುರಿನ ಕಿರಾಣಿ ಅಂಗಡಿಗೆ ನನಗೆ ಟ್ರಂಕ್ ಕಾಲ್ ಬಂತು. "ವೈನಿ, ಫೋಟೋದಾಗ ಚುಕ್ಕಿ ಮೂಡ್ಯಾವ! ಫೆಲೋಶಿಪ್ಪೂ ಮುಂದ ಹಾಕ್ಯಾರ!" ನಾನು ಅಲ್ಲೇ ಕುಣಿದದ್ದನ್ನು ನೋಡಿ, ಮನೆಯಲ್ಲಿ ಯಾರೋ ಹಡೆದಿರಬೇಕೆಂದು ಅಂಗಡಿಯವರು ಎಲ್ಲರಿಗೂ ಸಕ್ಕರೆ ಹಂಚಿಬಿಟ್ಟರು.

ಆ ಪ್ರೋಟೀನಿನ ಪೂರ್ತಿ ಆಕಾರ ತಿಳಿಯಲು ಇನ್ನೂ ಬಹಳ ವರ್ಷ ಹಿಡಿಯಿತು. ಆಕೆ ಬೇಸರಿಸಲಿಲ್ಲ. ಈಗ ಆಕೆಯಿಲ್ಲ. ಬೈಲಹೊಂಗಲದ ಕಾಲೇಜಿನಲ್ಲಿ ನಾನು ನಿವೃತ್ತಿಯವರೆಗೂ ಫಿಜಿಕ್ಸ್ ಕಲಿಸಿದ್ದು ಆಕೆಯಿಂದಲೇ. ಅತ್ತೆಯನ್ನು ಒಪ್ಪಿಸಿ, ಧಾರವಾಡದಲ್ಲಿ ನನ್ನನ್ನು ಎಂಎಸ್ಸಿಗೆ ಹಚ್ಚಿದವಳು ಆಕೆ. ಮೊದಲ ದಿನ ಆಕೆ ರಜೆ ಹಾಕಿ ನನ್ನ ಜೊತೆ ಬಂದಿದ್ದಳು; ನಾನು ತರಗತಿಯ ಬಾಗಿಲಲ್ಲೇ ನಿಂತುಬಿಟ್ಟೆ.

"ಹೋಗ್ರಿ ವೈನಿ. ಅಂಜಿಕಿ ಆದ್ರ ಹೊರಗ ಬರ್ರಿ, ನಾ ಇಲ್ಲೇ ಇರತೇನಿ."

ಸಂಜೆ ಹೊರಬಂದರೆ ಆಕೆ ನಿಜವಾಗಿಯೂ ಮರದ ಕೆಳಗೆ ಕೂತಿದ್ದಳು, ಉಡಿಯ ತುಂಬ ಶೇಂಗಾ ಸಿಪ್ಪೆ. "ಏನ ಕಲಿಸಿದ್ರು? ನಂಗೂ ಹೇಳ್ರಿ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.