ಕ್ಯಾತಪ್ಪನ ತೊಡೆ

ಚಳ್ಳಕೆರೆ ಕುರಿಸಂತೆಯ ದಲ್ಲಾಳಿ ಕ್ಯಾತಪ್ಪನಿಗೆ ತೊಡೆಗಳಿದ್ದವು, ಇಲ್ಲವೆಂದಲ್ಲ. ಕೂತರೆ ಮಾತ್ರ ಕಾಣುತ್ತಿರಲಿಲ್ಲ. ಅಲ್ಲಿ ಹೊಟ್ಟೆ ಬಂದು ಕೂತಿರುತ್ತಿತ್ತು. ಅದೂ ಒಂದು ಕೊರತೆಯೇ ಎಂದು ನೀವು ಕೇಳಬಹುದು. ಅವನ ತಂಗಿ ಸ್ವಪ್ನಳ ಮಗನಿಗೆ ಜವಳ ತೆಗೆಸುವ ಮಾತು ಬರುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ.

ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಸ್ವಪ್ನಳಿಗೆ ಇರುವುದು ಇವನೊಬ್ಬನೇ ಅಣ್ಣ. ಒಂದು ಸಂಜೆ, ನೋಡೇಬಿಡೋಣವೆಂದು ಕೂಸನ್ನು ಕೂರಿಸಿಕೊಂಡ. ಅದು ಹೊಟ್ಟೆಗೆ ಬೆನ್ನು ಕೊಟ್ಟು ಜಾರುಬಂಡೆ ಇಳಿದ ಹಾಗೆ ಸೊಯ್ಯನೆ ಚಾಪೆಗೆ ಇಳಿಯಿತು. ಮತ್ತೆ ಕೂರಿಸಿದ. ಮತ್ತೆ ಇಳಿಯಿತು. ಕೂಸಿಗೆ ಖುಷಿಯೋ ಖುಷಿ. ಸ್ವಪ್ನಳ ಗಂಡನ ಅಣ್ಣ ಎರ್ರಿಸ್ವಾಮಿ ಮೀಸೆಯಲ್ಲೇ ನಕ್ಕು, “ಕಷ್ಟ ಆದ್ರೆ ಬಿಡಪ್ಪ, ನಾನೇ ಕೂರಿಸ್ಕೊಂತೀನಿ,” ಅಂದ.

ಸೋದರಮಾವ ಗುಂಡುಕಲ್ಲಿನ ಹಾಗೆ ಬದುಕಿರುವಾಗ ಬೇರೆಯವರ ತೊಡೆಯೇ! ಅವತ್ತು ಕ್ಯಾತಪ್ಪ ಊಟ ಬಿಟ್ಟ, ಅಂದರೆ ಎರಡನೇ ಸಲದ ಊಟ. ಬೆಳಗ್ಗೆ ನನ್ನ ಬಾಗಿಲಿಗೆ ಬಂದು, “ಲೇ, ಇನ್ನು ಮೂರು ತಿಂಗ್ಳಿಗೆ ಜಟಿಂಗ ರಾಮೇಶ್ವರದ ಬೆಟ್ಟದಾಗೆ ಜವಳ. ಅಷ್ಟರಾಗೆ ನಂಗೊಂದು ತೊಡೆ ಬೇಕು,” ಅಂದ.

ಪೇಟೆಯಲ್ಲಿ ತೂಕ ಇಳಿಸುವ ಸಲಹೆ ಕೊಡುವ ಗೋವರ್ಧನನ ಹತ್ತಿರ ಕರೆದುಕೊಂಡು ಹೋದೆ. ಮೆತ್ತನೆ ಮಾತಿನ ಹುಡುಗ. ತಿನ್ನುವ ಪ್ರತಿಯೊಂದಕ್ಕೂ ಕ್ಯಾಲೊರಿ ಲೆಕ್ಕವಿದೆ ಎಂದು ವಿವರಿಸಿ, “ದಿನಕ್ಕೆ ಸಾವಿರದ ಆರ್ನೂರು ದಾಟಬೇಡಿ,” ಅಂದ.

ಸಂತೆಯಲ್ಲಿ ಮೊದಲು ಹೇಳಿದ ಸಂಖ್ಯೆಗೆ ಒಪ್ಪುವ ಪೆದ್ದರು ಯಾರಿದ್ದಾರೆ? ಕುರಿ ವ್ಯಾಪಾರ ಬಾಯಲ್ಲಿ ನಡೆಯುವುದೂ ಇಲ್ಲ. ಕೈಮೇಲೆ ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಹಿಡಿದು ದರ ಹೇಳುತ್ತಾರೆ. ಕೈ ಕುಲುಕಿದರೆ ಮುಗಿಯಿತು, ಆಮೇಲೆ ಆ ದೇವರು ಬಂದರೂ ಮಾತು ಬದಲಾಗದು. ಕ್ಯಾತಪ್ಪ ಹೆಗಲ ಟವೆಲ್ ತೆಗೆದು ಗೋವರ್ಧನನ ಕೈಮೇಲೆ ಹಾಕಿ ಎರಡು ಬೆರಳು ಒತ್ತಿದ, ಆಮೇಲೆ ಐದು. ಹುಡುಗ ಇದೇನೋ ಸಂತೆಯವರ ನಮಸ್ಕಾರ ಅಂದುಕೊಂಡು ಜೋರಾಗಿ ಕೈ ಕುಲುಕಿಬಿಟ್ಟ.

“ಎಷ್ಟಕ್ಕೆ ಮುಗೀತು?” ಎಂದೆ, ಹೊರಗೆ ಬಂದ ಮೇಲೆ.

“ಎರಡೂವರೆ ಸಾವಿರ. ಒಂದೇ ಏಟಿಗೆ ಒಪ್ಪಿದ. ಇನ್ನೂ ಏರಿಸಬೋದಿತ್ತು,” ಎಂದು ಪೇಚಾಡಿಕೊಂಡ.

ಕೈ ಕುಲುಕಿದ ಮೇಲೆ ಕ್ಯಾತಪ್ಪ ಮಾತಿಗೆ ತಪ್ಪುವವನಲ್ಲ. ಹೆಂಡತಿ ವೀರಮ್ಮ ಮುದ್ದೆ ತೂಗಿ ಫೋನಿನಲ್ಲಿ ಕ್ಯಾಲೊರಿ ಲೆಕ್ಕ ಒತ್ತುತ್ತಿದ್ದಳು; ಎರಡೂವರೆ ಸಾವಿರವಾದ ಮೇಲೆ ಒಂದು ಶೇಂಗಾ ಬೀಜವನ್ನೂ ಇವನು ಒಳಗೆ ಬಿಡಲಿಲ್ಲ. ಆದರೆ ಅನ್ನ ಚೆಲ್ಲುವುದುಂಟೇ? ಪಕ್ಕದ ಬೀದಿಯಿಂದ ಸ್ವಪ್ನ ಕೂಸನ್ನು ತರುವುದೂ ಊಟದ ಹೊತ್ತಿಗೇ. ಉಳಿದ ಮುದ್ದೆ, ತುಪ್ಪ, ಹೋಳಿಗೆಯ ಚೂರು ಎಲ್ಲವನ್ನೂ ಮಾವ ತನ್ನ ಕೈಯಾರೆ ಕೂಸಿನ ಬಾಯಿಗೆ ಇಡುತ್ತಿದ್ದ. “ಇದು ಅವನ ಲೆಕ್ಕಕ್ಕೆ,” ಅನ್ನುತ್ತಿದ್ದ. ಮಾವ ಒಂಚೂರು ಇಳಿದ, ಅಳಿಯ ಕುಂಬಳಕಾಯಿಯಾದ.

ಜವಳದ ದಿನ ಬೆಟ್ಟ ಹತ್ತಿ, ಏದುಸಿರು ಬಿಡುತ್ತ ಕ್ಯಾತಪ್ಪ ಕೂತಾಗ ಒಂದು ಗೇಣು ತೊಡೆ ನಿಜಕ್ಕೂ ಕಂಡಿತು. ಕೂಸಿಗೆ ಮಾತ್ರ ಎರಡು ಗೇಣು ಬೇಕಿತ್ತು. ಕೂರಿಸಿದ ಕೂಡಲೇ ಜಾರಿತು. ಎರ್ರಿಸ್ವಾಮಿ ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೂಸನ್ನು ಎಳೆದುಕೊಂಡ. ಅದು ಅವನ ಮೀಸೆಗೇ ಕೈ ಹಾಕಿ, ಬೆಟ್ಟ ಬಿರಿಯುವಂತೆ ಕಿರುಚಿ, ಕ್ಯಾತಪ್ಪನ ಕಡೆಗೆ ಎರಡೂ ಕೈ ಚಾಚಿತು. ಕ್ಷೌರದ ದೊಡ್ಡಪಾಲಯ್ಯ ಕತ್ತಿ ಹಿಂದೆಗೆದ.

“ಅಣ್ಣ, ಏನಾರ ಮಾಡು,” ಅಂದಳು ಸ್ವಪ್ನ. ಕಣ್ಣಲ್ಲಿ ನೀರು ತುಂಬಿತ್ತು.

ಕ್ಯಾತಪ್ಪ ಬಂಡೆಯ ಮೇಲೆ ಅಂಗಾತ ಮಲಗಿಬಿಟ್ಟ. “ಇಲ್ಲಿ ಕೂರ್ಸು,” ಅಂದ.

“ಅದು ಹೊಟ್ಟೆ! ತೊಡೆ ಅಲ್ಲ!” ಎಂದು ಎರ್ರಿಸ್ವಾಮಿ ಕೂಗಿದ.

ಪೂಜಾರಿ ಬಗ್ಗಿ ಹೊಟ್ಟೆಯನ್ನು ನೋಡಿ, “ಅದೂ ಮಾವಂದೇ ಅಲ್ವೇನ್ರಿ?” ಅಂದರು.

ಕೂಸು ಹೊಟ್ಟೆಯ ಮೇಲೆ ಗದ್ದುಗೆ ಏರಿದಂತೆ ಕೂತು, ಎರಡೂ ಅಂಗೈಯನ್ನು ಮಾವನ ಎದೆಗೆ ಊರಿ ಸುಮ್ಮನಾಯಿತು. ಕ್ಯಾತಪ್ಪ ಉಸಿರು ಬಿಗಿಹಿಡಿದ. ಮೊದಲ ಕೂದಲು ಅವನ ಅಂಗಿಯ ಮೇಲೆ ಬಿತ್ತು. ಅವನ ಕಣ್ಣಿನ ನೀರು ಎರಡೂ ಕಿವಿಯ ಕಡೆಗೆ ಇಳಿಯತೊಡಗಿತು.

ದೊಡ್ಡಪಾಲಯ್ಯ ಗದರಿದ: “ಅಳಬ್ಯಾಡ್ರಿ ಕ್ಯಾತಪ್ಪಾರೆ, ಕೂಸು ಅಲ್ಲಾಡ್ತೈತೆ! ಕೈಯಾಗೆ ಕತ್ತಿ ಐತೆ!”