ಎದೆಗೆ ಕಟ್ಟಿದ ಶಾಲು

ನನ್ನ ಅವಳಿ ಮಕ್ಕಳು ದಿನ ತುಂಬುವ ಮೊದಲೇ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿದವು. ಒಂದು ಗಂಡು, ಒಂದು ಹೆಣ್ಣು. ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದ ಮೇಲೂ ಅವುಗಳ ಮೈಯಲ್ಲಿ ಬಿಸಿ ನಿಲ್ಲುತ್ತಿರಲಿಲ್ಲ. "ಮಗುವಿನ ಬರಿಮೈ ತಾಯಿಯ ಎದೆಗೆ ತಾಗಿರಬೇಕು. ದಿನವಿಡೀ ಹಾಗೇ ಕಟ್ಕೊಂಡಿರ್ಬೇಕು. ನಿಮಗೆ ಎರಡಿವೆ, ಹಾಗಾಗಿ ಇನ್ನೊಬ್ಬರು ಬೇಕು" ಎಂದರು ಡಾಕ್ಟರು.

ನನ್ನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆಗೆ ಕೆಮ್ಮು, ವಾರ್ಡಿಗೆ ಬಿಡುವಂತಿರಲಿಲ್ಲ. ಬಸ್ ಓಡಿಸುವ ನನ್ನ ಗಂಡನಿಗೆ ರಜೆ ಮುಗಿದಿತ್ತು. ಬಾಗಿಲ ಬಳಿ ನಿಂತಿದ್ದ ಮಾವ, "ಗಂಡಸ್ರ ಎದೆ ಆಯ್ತದಾ ಡಾಕ್ಟ್ರೇ?" ಎಂದು ಕೇಳಿದರು.

"ಬೆಚ್ಚಗಿದ್ರೆ ಯಾರದಾದ್ರೂ ಆಯ್ತು" ಎಂದು ಡಾಕ್ಟರು ನಕ್ಕರು.

ನಾನು ಬೆರಗಾದೆ. ಮಾವ ಚೇಳೂರಿನ ಕಡೆ ತೆಂಗಿನ ತೋಟ ಮಾಡುವವರು, ಮಾತು ಕಡಿಮೆ. ತಮ್ಮ ಮಕ್ಕಳನ್ನೇ ಅವರು ಎತ್ತಿ ಆಡಿಸಿದವರಲ್ಲ ಎಂದು ಅತ್ತೆ ಹೇಳುತ್ತಿದ್ದರು.

ಮರುದಿನ ಬೆಳಗ್ಗೆ ಅವರು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ ಬಂದರು. ಚೀಲದಲ್ಲಿ ಒಂದು ಶಾಲಿತ್ತು. ಊರಿನವರು ಸನ್ಮಾನ ಮಾಡಿ ಹೊದಿಸಿದ್ದು, ಕೆಂಪು ಬಣ್ಣ, ಅಂಚಿಗೆಲ್ಲ ಜರಿ. ಮನೆಯಲ್ಲಿದ್ದ ಅತಿ ಬೆಲೆಯುಳ್ಳ ಬಟ್ಟೆ ಅದೇ ಎಂದು ತಂದಿದ್ದರು. ಸಿಸ್ಟರ್ ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದಳು. "ಅಜ್ಜಾ, ಜರಿ ಚುಚ್ಚುತ್ತೆ. ಮಗು ಚರ್ಮ ಈರುಳ್ಳಿ ಸಿಪ್ಪೆ ಇದ್ದಂಗಿದೆ."

ಮಾವನ ಮುಖ ಸಣ್ಣದಾಯಿತು. ಪಕ್ಕದ ಮಂಚದ ಹತ್ತಿರ, ಕುಣಿಗಲ್ಲಿಗೆ ಕೊಟ್ಟ ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬ ಅಜ್ಜಿ ಕೂತಿದ್ದರು. ಅವರ ಮನೆಯವರದು ತುಮಕೂರಿನ ಪೇಟೆಯಲ್ಲಿ ತಲೆಮಾರಿನಿಂದ ಬಟ್ಟೆ ಅಂಗಡಿ. ಅವರು ತಮ್ಮ ಗಂಟಿನಿಂದ ಒಗೆದು ಮಡಿಸಿದ್ದ ಹಳೆಯ ಕಾಶ್ಮೀರಿ ಶಾಲೊಂದನ್ನು ತೆಗೆದು, "ಇದನ್ನ ಕಟ್ಕಳಿ ಅಣ್ಣಾ. ನನ್ನ ಮಕ್ಳೆಲ್ಲಾ ಇದ್ರಲ್ಲೇ ಮಲಗಿದ್ದು. ಬೆಣ್ಣೆ ಇದ್ದಂಗೈತೆ" ಎಂದು ನೀಡಿದರು.

ಮಾವ ಅಂಗಿ ಬಿಚ್ಚಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮಗುವಿಗೆ ಒತ್ತದಂತೆ ತೋಳಿನ ಕಡೆಗೆ ಸರಿಸಿಕೊಂಡು ಕುರ್ಚಿಯಲ್ಲಿ ಒರಗಿದರು. ಸಿಸ್ಟರ್ ನನ್ನ ಮಗಳನ್ನು ಅವರ ಎದೆಯ ಮೇಲೆ ಕಪ್ಪೆಯಂತೆ ಮಲಗಿಸಿ, ಮೇಲೆ ಶಾಲು ಸುತ್ತಿ ಗಂಟು ಹಾಕಿದಳು. ಮಾವ ಉಸಿರಾಡಲೂ ಹೆದರಿದವರಂತೆ ಕೂತರು.

ಮಗ ನನ್ನ ಎದೆಗಿದ್ದ. ಹಾಗೆ ಕೂರುವುದು ಸುಲಭವಲ್ಲ. ಬೇಸರ ಕಳೆಯಲು ನಾನು ಕಥೆ ಹೇಳತೊಡಗಿದೆ. ಗುಬ್ಬಿಯ ಕಾಲೇಜಿನಲ್ಲಿ ನಾನು ಇತಿಹಾಸದ ಉಪನ್ಯಾಸಕಿ. ಬಟ್ಟೆಗಳು ದೇಶ ದಾಟಿದ ಬಗೆಯನ್ನು ಹುಡುಗಿಯರಿಗೆ ಹೇಳಬೇಕೆಂದು ಆ ವರ್ಷ ಓದಿಕೊಂಡಿದ್ದೆ. ಶಾಲು ಎಂಬ ಮಾತೇ ಪಾರಸಿಯಿಂದ ಬಂದದ್ದು ಎಂದೆ. ಕಾಶ್ಮೀರದ ಶಾಲು ಫ್ರಾನ್ಸಿನ ಅರಮನೆಗೆ ಹೋಗಿ ಅಲ್ಲಿಯ ರಾಣಿಗೆ ಹುಚ್ಚು ಹಿಡಿಸಿದ್ದನ್ನೂ, ಆಮೇಲೆ ಸ್ಕಾಟ್ಲೆಂಡಿನ ಒಂದು ಊರಿನ ನೇಕಾರರು ಅದೇ ಮಾವಿನಕಾಯಿ ಚಿತ್ತಾರವನ್ನು ನೇಯ್ದು ತಮ್ಮ ಊರಿನ ಹೆಸರನ್ನೇ ಅದಕ್ಕೆ ಇಟ್ಟುಬಿಟ್ಟದ್ದನ್ನೂ ಹೇಳಿದೆ.

"ನಮ್ಮ ಮಾವಿನಕಾಯಿ ಬೂಟಾಗೆ ಅವ್ರ ಊರ ಹೆಸ್ರಾ?" ಎಂದು ಪಕ್ಕದ ಅಜ್ಜಿ ನಕ್ಕುಬಿಟ್ಟರು.

"ಮಕ್ಳನ್ನ ಹಿಂಗೆ ಕಟ್ಕಣಾದು ಬ್ಯಾರೆ ದೇಸದಾಗೂ ಐತಾ?" ಎಂದು ಮಾವ ಕೇಳಿದರು. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ತಾಯಂದಿರು ಬಣ್ಣಬಣ್ಣದ ಶಾಲಿನಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ, ವೇಲ್ಸ್ ಎಂಬ ಸೀಮೆಯಲ್ಲಿ ಒಂದೇ ಶಾಲನ್ನು ತಾಯಿಗೂ ಮಗುವಿಗೂ ಸೇರಿಸಿ ಸುತ್ತುತ್ತಿದ್ದರು ಎಂದೆ. ಮಾವ ಮೆಲ್ಲಗೆ ಹೇಳಿದರು:

"ನಾನು ಸಣ್ಣವ್ನಿದ್ದಾಗ ತೋಟದಾಗೆ ಕುರಿ ಮಂದೆ ನಿಲ್ಲುಸ್ತಿದ್ರು. ಮಳೇಲಿ ಮರಿ ಹುಟ್ಟುದ್ರೆ, ಕುರುಬ್ರು ಅದನ್ನ ಕಂಬ್ಳಿ ಒಳಿಕ್ಕೆ ಎದೆಗವುಚ್ಕಂಡು ಕೂರೋರು. ಬದುಕ್ಕಂತಿದ್ವು ಕಣವ್ವ. ಡಾಕ್ಟ್ರು ಹೇಳ್ದೇಟಿಗೆ ಅದೇ ನೆಪ್ಪಾತು."

ಊರಿನಿಂದ ನೋಡಲು ಬಂದ ಅವರ ಗೆಳೆಯರೊಬ್ಬರು ಬಾಗಿಲಲ್ಲೇ ನಿಂತು, "ಏನ್ಲಾ, ಬಾಣಂತಿ ಆಗ್ಬುಟ್ಯಾ?" ಎಂದು ನಕ್ಕರು. ಮಾವ ಅಲುಗಲಿಲ್ಲ. "ಹೂಂ ಕಣ್ಲಾ. ಮೆಲ್ಲುಕ್ ಮಾತಾಡು, ಈಗಿನ್ನೂ ಮಲಗವ್ಳೆ."

ಒಂದು ಮಧ್ಯಾಹ್ನ ನಾನು ಮಗನಿಗೆ ಹಾಲು ಕುಡಿಸುತ್ತಿದ್ದೆ. ಮಾವ ಇದ್ದಕ್ಕಿದ್ದಂತೆ ನೆಟ್ಟಗೆ ಕೂತು, ಶಾಲಿನೊಳಗೆ ಕೈ ಹಾಕಿ ಮಗುವಿನ ಬೆನ್ನು ಉಜ್ಜತೊಡಗಿದರು. "ಸಿಸ್ಟ್ರೇ! ಉಸ್ರು ನಿಂತೈತೆ! ಎದೆಗೆ ಗೊತ್ತಾಗ್ತಿಲ್ಲ!" ಎಂದು ಕೂಗಿದರು. ಸಿಸ್ಟರ್ ಓಡಿಬಂದು ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ನೀಲಿಗಟ್ಟಿದ್ದ ತುಟಿ ಬಿಚ್ಚಿ ಮಗು ಕ್ಷೀಣವಾಗಿ ಅತ್ತಿತು.

ದಿನ ತುಂಬದ ಮಕ್ಕಳಲ್ಲಿ ಹೀಗಾಗುವುದುಂಟು, ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಿಸ್ಟರ್ "ಸ್ವಲ್ಪ ರೆಸ್ಟ್ ತಗೊಳ್ಳಿ ಅಜ್ಜಾ" ಎಂದಳು. ಮಾವ, "ಬ್ಯಾಡ ಕಣವ್ವ. ಇನ್ನಷ್ಟು ಬಿಗಿಯಾಗ್ ಕಟ್ಟು" ಎಂದರು.

ಪಕ್ಕದ ಅಜ್ಜಿಯ ಮಗಳು ಮನೆಗೆ ಹೋದಾಗಲೂ ಶಾಲು ನಮ್ಮ ಬಳಿಯೇ ಉಳಿಯಿತು. ಮಕ್ಕಳು ಮೈ ತುಂಬಿಕೊಂಡು ನಾವು ಮನೆಗೆ ಹೊರಟ ದಿನ, ಮಾವ ತಾವೇ ಅದನ್ನು ಒಗೆದು ಒಣಗಿಸಿ ಅಜ್ಜಿಯ ಬಟ್ಟೆ ಅಂಗಡಿಗೆ ಕೊಂಡೊಯ್ದರು. ಇಟ್ಟುಕೊಳ್ಳಿ ಎಂದು ಅಜ್ಜಿ ಬಲವಂತ ಮಾಡಿದರಂತೆ. "ಬ್ಯಾಡ ಅಕ್ಕಯ್ಯ, ನಿಮ್ಮನೇಲಿ ಇನ್ನೂ ಮಕ್ಳು ಹುಟ್ತವೆ" ಎಂದು ಕೈಮುಗಿದು ಬಂದರಂತೆ.

ಮುಂದಿನ ತಿಂಗಳು ಚೆಕಪ್ಪಿಗೆ ಹೋದಾಗ, ಅದೇ ವಾರ್ಡಿನ ಮುಂದೆ ಒಬ್ಬ ಯುವಕ ಹೆದರಿ ನಿಂತಿದ್ದ. ಅವನ ಮಗು ತೀರಾ ಚಿಕ್ಕದು, ಹೆಂಡತಿಗೆ ಜ್ವರ. ತನ್ನಿಂದ ಆಗುವುದಿಲ್ಲ ಎನ್ನುತ್ತಿದ್ದ. ಮಾವ ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು ಅವನ ಹತ್ತಿರ ಹೋದರು.

"ಅಂಗಿ ಬಿಚ್ಚಪ್ಪ" ಎಂದರು. "ನಾನು ತೋರುಸ್ತೀನಿ."