ಸಿಗ್ನಲಕ್ಕನ ಕಟ್ಟೆಯ ಮೇಲೊಂದು ಬಿಳಿ ಚಪ್ಪಲಿ

ಬೀದಿದೀಪಗಳು ಇನ್ನೂ ಆರಿಲ್ಲ. ಹಗಲಾದರೆ ಕಾಲಿಡಲು ಜಾಗವಿರದ ಈ ನಾಲ್ಕು ರಸ್ತೆಗಳ ವೃತ್ತದಲ್ಲಿ ಈಗ ಪೊರಕೆಯ ಸದ್ದೊಂದೇ. ಸಿಗ್ನಲ್ ಕಂಬದಿಂದ ಶುರು ಮಾಡಿ ಬಸ್ ನಿಲ್ದಾಣದ ಕಡೆಗೆ ಗುಡಿಸುತ್ತ ಬರುತ್ತಾರೆ ಸಿಗ್ನಲಕ್ಕ. ಎಷ್ಟೋ ವರ್ಷಗಳಿಂದ ಇದೇ ಸಿಗ್ನಲ್ಲಿನ ಸುತ್ತ ಗುಡಿಸಿದ್ದರಿಂದ ಬಂದ ಹೆಸರು ಅದು. ಸಂಬಳದ ದಿನ ಮೇಸ್ತ್ರಿ ಅವರ ನಿಜವಾದ ಹೆಸರು ಕೂಗಿದರೆ ಪಕ್ಕದಲ್ಲಿರುವವರು ತಿವಿದು ಎಚ್ಚರಿಸಬೇಕಂತೆ. ಪೊರಕೆ ಒಂದೇ ಲಯದಲ್ಲಿ ಆಡುತ್ತದೆ. ನಿಲ್ದಾಣದ ಪಕ್ಕದ ಸಿಮೆಂಟ್ ಕಟ್ಟೆಯ ಬಳಿ ಬಂದಾಗ ಮಾತ್ರ ಅದು ನಿಲ್ಲುತ್ತದೆ.

ಮೊಣಕಾಲೆತ್ತರದ ಕಟ್ಟೆ. ಅದರ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹೆಂಗಸರ ಒಂದು ಬಿಳಿ ಚಪ್ಪಲಿ, ಎಡಗಾಲಿನದು. ಸುತ್ತಲೂ ಬಾಡಿದ ಹೂಗುಚ್ಛಗಳು, ಕರಗಿ ಹೆಪ್ಪುಗಟ್ಟಿದ ಮೇಣದಬತ್ತಿಗಳು, ಮಳೆಗೆ ಶಾಯಿ ಹರಡಿದ ಚೀಟಿಗಳು, ಒಂದು ಕರಡಿ ಗೊಂಬೆ. ಗೊಂಬೆಯ ಪಕ್ಕದಲ್ಲಿ ಅರ್ಧ ಕುಡಿದ ಜ್ಯೂಸ್ ಡಬ್ಬಿ. ಇದು ಕಾಣಿಕೆಯೋ, ಕಸವೋ? ಸಿಗ್ನಲಕ್ಕ ಡಬ್ಬಿಯನ್ನು ಎತ್ತುತ್ತಾರೆ, ಅಲ್ಲಾಡಿಸಿ ನೋಡುತ್ತಾರೆ, ಇದ್ದಲ್ಲೇ ಇಡುತ್ತಾರೆ. ಆಮೇಲೆ ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಮುಖ ನೋಡುತ್ತಾರೆ.

"ಯಾವುದು ಗುಡಿಸಬೇಕು, ಯಾವುದು ಬಿಡಬೇಕು ಅಂತ ಮೊದಲು ಯಾರೂ ಹೇಳಲ್ಲ ಮೇಡಂ," ಎನ್ನುತ್ತಾರೆ. "ಗುಡಿಸಿದ ಮೇಲೆ ಎಲ್ಲರೂ ಹೇಳ್ತಾರೆ."

ಎರಡು ತಿಂಗಳ ಹಿಂದೆ, ಒಂದು ಮಂಗಳವಾರ ನಡುಮಧ್ಯಾಹ್ನ, ಸಾಮಾನು ಸಾಗಿಸುವ ವ್ಯಾನೊಂದು ಇಲ್ಲಿನ ಫುಟ್‌ಪಾತ್ ಹತ್ತಿ ಜನರ ಮೇಲೆ ನುಗ್ಗಿತು. ಹಲವರಿಗೆ ಕೈಕಾಲು ಮುರಿಯಿತು. ಒಬ್ಬರು ಉಳಿಯಲಿಲ್ಲ. ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟಿರುವ ಟೈಲರ್ ಯಜಮಾನರ ಹೆಂಡತಿ ಅವರು, ಗಂಡನಿಗೆ ಗುಂಡಿ ತರಲೆಂದು ಹೊರಟಿದ್ದರು. ಇಷ್ಟು ಮಾತ್ರ ಎಲ್ಲರೂ ಒಪ್ಪುವ ಸಂಗತಿ. ಉಳಿದದ್ದು ಕೇಳಹೊರಟರೆ ತಲೆ ಚಿಟ್ಟು ಹಿಡಿಯುತ್ತದೆ. ಡ್ರೈವರ್ ನಿದ್ದೆಗಣ್ಣಲ್ಲಿದ್ದ ಎನ್ನುತ್ತಾನೆ ಚಹಾದವನು. ಫೋನಿನಲ್ಲಿದ್ದ ಎನ್ನುತ್ತಾನೆ ಪೇಪರಿನವನು. ಬ್ರೇಕು ಹಿಡಿಯಲಿಲ್ಲ ಎನ್ನುತ್ತಾರೆ ಕೆಲವರು, ಬೇಕೆಂದೇ ಮಾಡಿದ ಎಂದು ಕಣ್ಣು ಕೆಂಪಗೆ ಮಾಡುತ್ತಾರೆ ಇನ್ನು ಕೆಲವರು. ವ್ಯಾನಿನ ಬಣ್ಣದಲ್ಲೂ ಒಮ್ಮತವಿಲ್ಲ. ಅವತ್ತು ಇಲ್ಲಿ ಡ್ರೈವರನಿಗೆ ಹೊಡೆದವರಿದ್ದರು, ಹೊಡೆಯಬೇಡಿ ಎಂದು ಅಡ್ಡ ಬಂದವರಿದ್ದರು, ಎರಡನ್ನೂ ವಿಡಿಯೊ ಮಾಡಿಕೊಂಡವರಿದ್ದರು. ಮರುವಾರ ಜನ ಗಲಾಟೆ ಮಾಡಿ ರಸ್ತೆಗೆ ಉಬ್ಬು ಹಾಕಿಸಿದರು. ಅದರ ಮರುವಾರ ಗಾಡಿ ನಿಂತು ನಿಂತು ಹೋಗುತ್ತದೆಂದು ಅದೇ ಜನ ಗಲಾಟೆ ಮಾಡಿ ತೆಗೆಸಿದರು.

ಆ ಮಂಗಳವಾರ ಸಂಜೆ ಯಾರೋ ಈ ಕಟ್ಟೆಯ ಮೇಲಿದ್ದ ಒಂಟಿ ಬಿಳಿ ಚಪ್ಪಲಿಯ ಫೋಟೊ ತೆಗೆದರು. ಒಡತಿ ಬಾರದ ಚಪ್ಪಲಿ ಎಂದು ಅದಕ್ಕೊಂದು ಸಾಲು ಬರೆದರು. ರಾತ್ರಿ ಬೆಳಗಾಗುವುದರಲ್ಲಿ ಅದು ಊರಿನ ಎಲ್ಲ ಫೋನುಗಳನ್ನೂ ಸುತ್ತಿತು. ಬೆಳಿಗ್ಗೆ ಹೂ ಬಂತು, ಸಂಜೆ ಮೇಣದಬತ್ತಿ ಬಂತು, ಮೂರನೇ ದಿನ ಕನ್ನಡಿ ಅಂಗಡಿಯವರು ಗಾಜಿನ ಪೆಟ್ಟಿಗೆ ಮಾಡಿ ಮುಚ್ಚಿದರು. ಚಪ್ಪಲಿಯನ್ನು ಅಷ್ಟು ಜೋಪಾನವಾಗಿ ಎತ್ತಿಟ್ಟವರು ಕಸ ಗುಡಿಸುವ ಹೆಂಗಸು ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. ನಮ್ಮ ಸಂಪಾದಕರು ನನ್ನನ್ನು ಅಟ್ಟಿದ್ದೂ ಅದಕ್ಕೇ. ಓದಿದವರ ಕಣ್ಣು ತೇವವಾಗಬೇಕು ಎಂದಿದ್ದರು. ದಾರಿಯಲ್ಲೇ ಎರಡು ಒಳ್ಳೆಯ ಸಾಲು ಹೊಂದಿಸಿಕೊಂಡು ಬಂದಿದ್ದೆ.

ಮೊದಲ ದಿನವೇ ಸಿಗ್ನಲಕ್ಕ ಅವೆರಡಕ್ಕೂ ಎಳ್ಳುನೀರು ಬಿಟ್ಟರು. "ಅದು ಆ ಯಮ್ಮಂದಲ್ಲ ಮೇಡಂ. ಹಿಂದಿನ ದಿನದ್ದು. ಸೋಮವಾರ ಬೆಳಿಗ್ಗೆ ಚರಂಡಿ ಬಾಯಲ್ಲಿ ಸಿಕ್ಕಿತ್ತು."

ನಾನು ಪೆನ್ನು ಮುಚ್ಚಿದೆ. ಮತ್ತೆ ತೆರೆದೆ. ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಿದೆ. ಮೇಸ್ತ್ರಿಗೆ ಹೇಳಿದ್ದರಂತೆ. ಬಾಯಿ ಮುಚ್ಚಿಕೊಂಡಿರು, ನಿನಗೆ ಒಳ್ಳೆ ಹೆಸರು ಬಂದಿದೆ ಎಂದರಂತೆ ಅವರು.

ಇಲ್ಲಿನ ಪೌರಕಾರ್ಮಿಕರಲ್ಲಿ ಒಂದು ವಾಡಿಕೆಯಿದೆ. ಗುಡಿಸುವಾಗ ಸಿಕ್ಕಿದ್ದರಲ್ಲಿ ಯಾರಾದರೂ ಹುಡುಕಿಕೊಂಡು ಬರಬಹುದಾದ ವಸ್ತುವಿದ್ದರೆ, ಛತ್ರಿ, ಕೀಲಿಕೈ, ಮಗುವಿನ ಟೋಪಿ, ಒಂಟಿ ಚಪ್ಪಲಿ, ಅದನ್ನು ಗಾಡಿಗೆ ಹಾಕುವುದಿಲ್ಲ. ಹತ್ತಿರದ ಯಾವುದಾದರೂ ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ಇಡುತ್ತಾರೆ. ಮೂರು ದಿನ ಅಲ್ಲಿರುತ್ತದೆ. ಯಾರೂ ಬಾರದಿದ್ದರೆ ಕಸದ ಯಾರ್ಡಿಗೆ ಒಯ್ದು ಅಲ್ಲಿನ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಯಾರು ಶುರು ಮಾಡಿದರು, ಯಾಕೆ ಮೂರೇ ದಿನ ಎಂದರೆ ಸಿಗ್ನಲಕ್ಕನಿಗೂ ಗೊತ್ತಿಲ್ಲ. ಕೆಲಸ ಕಲಿಸಿಕೊಟ್ಟ ಹಿರಿಯಾಕೆ ಪೊರಕೆ ಹಿಡಿಯುವುದರ ಜೊತೆಗೆ ಇದನ್ನೂ ಕಲಿಸಿದರು, ಅಷ್ಟೇ.

ಬಿಳಿ ಚಪ್ಪಲಿಗೂ ಒಡತಿ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ. ಎದುರಿನ ಕನ್ನಡಕದ ಅಂಗಡಿಯ ಹುಡುಗಿ. ಭಾನುವಾರ ಸಂಜೆ ಓಡಿ ಬಸ್ ಹತ್ತುವಾಗ ಕಾಲಿಂದ ಜಾರಿತ್ತು. ಎರಡು ದಿನ ರಜೆ ಮುಗಿಸಿ ಕೆಲಸಕ್ಕೆ ಬಂದರೆ ತನ್ನ ಚಪ್ಪಲಿಯ ಸುತ್ತ ಹೂವು, ಜನ, ಕ್ಯಾಮೆರಾ! ಸಿಗ್ನಲಕ್ಕನನ್ನು ಮೂಲೆಗೆ ಕರೆದು, ಅಕ್ಕ, ಈಗ ನಾನು ಅದನ್ನು ಎತ್ತಿಕೊಂಡರೆ ಜನ ನನ್ನನ್ನು ಸುಮ್ಮನೆ ಬಿಡುತ್ತಾರಾ ಎಂದು ಕೇಳಿದಳಂತೆ. ಅದರ ಜೊತೆಯದ್ದು ಈಗಲೂ ಅವಳ ಮನೆಯಲ್ಲಿ, ಕವರಿನಲ್ಲಿ ಸುತ್ತಿ ಮಂಚದ ಕೆಳಗೆ ಇದೆ. ಬಿಸಾಡಲು ಮನಸ್ಸಾಗುತ್ತಿಲ್ಲ ಎನ್ನುತ್ತಾಳೆ.

ಸಿಗ್ನಲಕ್ಕನ ಮನೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ನೀರಿನ ಡ್ರಮ್ಮು ಬಾಗಿಲ ಹೊರಗೆ. ಗಂಡ ಗೋದಾಮಿನಲ್ಲಿ ಮೂಟೆ ಹೊರುತ್ತಾರೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಕಿಟಕಿಯ ಪಕ್ಕದ ಕುರ್ಚಿ ಅತ್ತೆಯದು. ಮೊಮ್ಮಗಳ ಹಳೆಯ ಫೋನು ಅವರ ಕೈಯಲ್ಲೇ ಇರುತ್ತದೆ. ಸೊಸೆಯನ್ನು ಹೊಗಳಿದ ವಿಡಿಯೊ, ಬಾಡಿದ ಹೂ ಗುಡಿಸಿದಳೆಂದು ಅದೇ ಸೊಸೆಯನ್ನು ಬಾಯಿಗೆ ಬಂದಂತೆ ಬೈದ ವಿಡಿಯೊ, ಎರಡನ್ನೂ ನನಗೆ ತೋರಿಸುತ್ತಾರೆ.

"ಬೆಳಿಗ್ಗೆ ದೇವತೆ ಅಂದ್ರು, ಮಧ್ಯಾಹ್ನ ಕಲ್ಲು ಮನಸ್ಸಿನವಳು ಅಂದ್ರು. ಇಪ್ಪತ್ತು ವರ್ಷದಿಂದ ನಾನು ಇವಳನ್ನ ಬೈತಾ ಇದೀನಿ, ನೀನೇ ಹೇಳಮ್ಮ, ಒಬ್ಬರಾದ್ರೂ ಬಂದು ವಿಡಿಯೊ ಮಾಡಿದ್ರಾ?"

ಸೊಸೆ ನಗುತ್ತಾರೆ. ನಕ್ಕು ಮುಗಿದ ಮೇಲೆ ಮುಖ ಸಪ್ಪಗಾಗುತ್ತದೆ. ಕಾರಣ, ಟೈಲರ್ ಯಜಮಾನರು.

ಅವರು ಅಂಗಡಿ ತೆರೆಯುವ ಮುಂಚೆ ದಿನಾ ಕಟ್ಟೆಗೆ ಬರುತ್ತಾರೆ. ಜೇಬಿನಿಂದ ಬಟ್ಟೆಯ ತುಂಡು ತೆಗೆದು ಗಾಜಿನ ಪೆಟ್ಟಿಗೆಯನ್ನು ನಾಲ್ಕೂ ಕಡೆ ಒರೆಸುತ್ತಾರೆ. ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಹೋಗುವಾಗ ಸಿಗ್ನಲಕ್ಕನಿಗೆ ಕೈಮುಗಿಯುತ್ತಾರೆ. ಆ ಕೈಮುಗಿಯುವುದೇ ತಡೆಯಲಾಗುವುದಿಲ್ಲ ಎನ್ನುತ್ತಾರೆ ಸಿಗ್ನಲಕ್ಕ. ಇಷ್ಟು ಸಾಲದೆಂಬಂತೆ ವರ್ತಕರ ಸಂಘದವರು ಒಂದು ಸಮಾರಂಭ ಗೊತ್ತು ಮಾಡಿದರು: ಭಾನುವಾರ, ಎಲ್ಲರ ಮುಂದೆ, ಸಿಗ್ನಲಕ್ಕನ ಕೈಯಿಂದಲೇ ಚಪ್ಪಲಿಯನ್ನು ಯಜಮಾನರಿಗೆ ಒಪ್ಪಿಸುವುದು. ಹೇಳಿದರೆ ಆ ಮನುಷ್ಯನಿಗೆ ಇರುವ ಒಂದೇ ಆಸರೆ ಹೋಗುತ್ತದೆ. ಹೇಳದಿದ್ದರೆ ಯಾರದೋ ಚಪ್ಪಲಿಯನ್ನು ಹೆಂಡತಿಯದೆಂದು ಜೀವಮಾನವಿಡೀ ಮನೆಯಲ್ಲಿಟ್ಟುಕೊಳ್ಳುತ್ತಾರೆ, ಅದೂ ಇವರ ಕೈಯಿಂದ ಪಡೆದು. ಏನು ಮಾಡಲಿ ಮೇಡಂ ಎಂದು ನನ್ನನ್ನು ಎರಡು ಸಲ ಕೇಳಿದರು.

ಶುಕ್ರವಾರ ಬೆಳಿಗ್ಗೆ. ಯಜಮಾನರು ಗಾಜು ಒರೆಸುತ್ತಿದ್ದಾರೆ. ಸಿಗ್ನಲಕ್ಕ ಪೊರಕೆಯನ್ನು ಕಂಬಕ್ಕೆ ಒರಗಿಸುತ್ತಾರೆ, ಸೆರಗಿಲ್ಲದ ಸಮವಸ್ತ್ರದ ಅಂಚಿಗೆ ಕೈ ಒರೆಸಿಕೊಳ್ಳುತ್ತಾರೆ, ಹತ್ತಿರ ಹೋಗಿ ನಿಲ್ಲುತ್ತಾರೆ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಇದು ಅಮ್ಮಾವ್ರದ್ದಲ್ಲ. ಸೋಮವಾರನೇ ನಾನು ಇಲ್ಲಿಟ್ಟಿದ್ದು. ಇದು ಬೇರೆಯವರದ್ದು."

ಅವರ ಕೈ ಗಾಜಿನ ಮೇಲೆಯೇ ನಿಲ್ಲುತ್ತದೆ. ಸಿಟ್ಟು ಬರುತ್ತದೆಂದು ನಾನು ಕಾಯುತ್ತೇನೆ, ಅಳು ಬರುತ್ತದೆಂದು ಕಾಯುತ್ತೇನೆ. ಯಾವುದೂ ಇಲ್ಲ. ಬಟ್ಟೆಯ ತುಂಡನ್ನು ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ.

"ಹಾಗಾದ್ರೆ ಅವಳದ್ದು ಎಲ್ಲಮ್ಮ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಬಟ್ಟೆ, ಕನ್ನಡಕ, ಗುಂಡಿಯ ಪೊಟ್ಟಣ ಇತ್ತಂತೆ. ಚಪ್ಪಲಿ ಎರಡೂ ಇರಲಿಲ್ಲ. ಒಂದು ಕಟ್ಟೆಯ ಮೇಲಿದೆಯಲ್ಲ ಎಂದು ಜನ ಹೇಳಿದ್ದರು, ಅವರು ನಂಬಿದ್ದರು. ಸಿಗ್ನಲಕ್ಕ ಅಲ್ಲೇ ಕಟ್ಟೆಯ ತುದಿಗೆ ಕೂತುಬಿಡುತ್ತಾರೆ. ಆ ಮಧ್ಯಾಹ್ನ ಪೊಲೀಸರ ಅಳತೆ ಮುಗಿದ ಕೂಡಲೇ ರಸ್ತೆ ತೆರೆಯಬೇಕು, ಬೇಗ ಬೇಗ ಗುಡಿಸಿ ಎಂದು ಮೇಲಿನವರು ನಿಂತು ಕೂಗುತ್ತಿದ್ದರಂತೆ. ಗಾಜಿನ ಚೂರು, ಚೀಲ, ಚಪ್ಪಲಿ, ತರಕಾರಿ, ಎಲ್ಲವೂ ಒಂದೇ ರಾಶಿ. ರಸ್ತೆ ತೊಳೆಯಲು ನೀರಿನ ಟ್ಯಾಂಕರ್ ಹಿಂದೆಯೇ ಬಂದಿತ್ತು.

"ಗುಡಿಸಿದ್ದು ನಾನೇ. ಆವತ್ತೊಂದು ದಿನ ಕಟ್ಟೆ ಮೇಲೆ ಏನೂ ಇಡಲಿಲ್ಲ. ನೋಡೋಕಾಗದೆ ಮುಖ ತಿರುಗಿಸ್ಕೊಂಡು ಗುಡಿಸಿದೆ," ಎನ್ನುತ್ತಾರೆ.

ಊರೆಲ್ಲ ಹೊಗಳುತ್ತಿರುವುದು ಅವರು ಮಾಡದ ಕೆಲಸವನ್ನು. ಅವರಿಗೆ ನಿದ್ದೆ ಕೆಡಿಸಿರುವುದು ಆ ಒಂದೇ ದಿನ ತಪ್ಪಿಸಿದ ಕೆಲಸ.

ಅದೇ ಮಧ್ಯಾಹ್ನ ಇಬ್ಬರೂ ಯಾರ್ಡಿಗೆ ಹೋಗುತ್ತಾರೆ, ಹಿಂದೆ ನಾನೂ. ರಾಶಿಯಿಂದ ಆಯುವವರ ಕೈಗೆ ಸಿಕ್ಕಿದ್ದೂ ಶೆಡ್ಡಿನ ಗೋಡೆಗೇ ಹೋಗುತ್ತದಂತೆ, ಅದೊಂದೇ ಆಸೆ. ಗೋಡೆಯ ತುಂಬ ಒಂಟಿ ಚಪ್ಪಲಿಗಳು, ಬೂಟುಗಳು, ಮಕ್ಕಳ ಷೂಗಳು. ಯಾವ ಬಣ್ಣ ಯಜಮಾನ್ರೇ ಎಂದು ಸಿಗ್ನಲಕ್ಕ ಕೇಳುತ್ತಾರೆ. ಯಜಮಾನರು ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಾಡಿಸುತ್ತಾರೆ. ನಲವತ್ತು ವರ್ಷ ಒಂದೇ ಬಾಗಿಲಲ್ಲಿ ಜೊತೆಗೆ ಬಿಟ್ಟ ಚಪ್ಪಲಿ, ಬಣ್ಣ ನೆನಪಿಲ್ಲ. ಕಂದು ಇರಬೇಕು. ಕಪ್ಪೂ ಇರಬಹುದು.

"ಬಲಗಾಲಿನದರ ಪಟ್ಟಿ ಕಿತ್ತು ಹೋಗಿತ್ತು," ಎನ್ನುತ್ತಾರೆ ಕೊನೆಗೆ. "ಹೊಸದು ತಗೊಳ್ಳೇ ಅಂದ್ರೆ ಕೇಳಲಿಲ್ಲ, ನೀವೇ ಹೊಲಿದು ಕೊಡಿ ಅಂದ್ಲು. ಕೋಟಿನ ದಾರದಲ್ಲಿ ಹೊಲಿದೆ. ಚಪ್ಪಲಿ ಗುರುತು ಸಿಗಲ್ಲಮ್ಮ, ನನ್ನ ಹೊಲಿಗೆ ಗುರುತು ಸಿಗುತ್ತೆ."

ಒಂದೊಂದನ್ನೇ ಮೊಳೆಯಿಂದ ತೆಗೆದು, ಕನ್ನಡಕ ಏರಿಸಿ, ಪಟ್ಟಿಯನ್ನು ಮಗುಚಿ ನೋಡುತ್ತಾರೆ. ನೋಡಿದ್ದನ್ನು ಸಿಗ್ನಲಕ್ಕ ಇದ್ದ ಮೊಳೆಗೇ ಹಾಕುತ್ತಾರೆ. ಗೋಡೆ ಮುಗಿಯುತ್ತದೆ. ಸಿಗುವುದಿಲ್ಲ. ಹೊರಡುವಾಗ ಯಜಮಾನರು ಕೈಮುಗಿಯಲಿಲ್ಲ, ನಾಳೆ ಬರ್ತೀನಮ್ಮ ಎಂದರು. ಅದು ಎಷ್ಟೋ ವಾಸಿ ಎನ್ನಿಸಿತಂತೆ ಸಿಗ್ನಲಕ್ಕನಿಗೆ.

ಸಂಘದ ಅಧ್ಯಕ್ಷರಿಗೆ ಯಜಮಾನರೇ ವಿಷಯ ತಿಳಿಸಿದರು. ಎಲ್ಲ ಏರ್ಪಾಡೂ ಆಗಿದೆಯಲ್ಲ, ಯಾರದ್ದಾದರೇನು, ಭಾವನೆ ಮುಖ್ಯ ಎಂದರಂತೆ ಅಧ್ಯಕ್ಷರು. ಯಜಮಾನರು ಬರಲೊಪ್ಪದ ಕಾರಣ ಸಮಾರಂಭ ಮುಂದೆ ಹೋಗಿದೆ, ರದ್ದಾಗಿಲ್ಲ. ಪೆಟ್ಟಿಗೆ ಹಾಗೆಯೇ ಇದೆ. ಹೂ ಬರುತ್ತಲೇ ಇದೆ. ನಿಜ ಬರೆದರೆ ಜನಕ್ಕೆ ನೋವಾಗುತ್ತದೆ, ಬರೆಯದಿದ್ದರೆ ಸುಳ್ಳಾಗುತ್ತದೆ ಎಂದು ನಮ್ಮ ಸಂಪಾದಕರೂ ಎರಡು ದಿನ ತಲೆ ಕೆರೆದುಕೊಂಡರು. ಕೊನೆಗೆ ಅಕ್ಕನನ್ನೇ ಕೇಳಿ ಎಂದರು.

ಕೇಳಲು ಹೋದಾಗ ಸಿಗ್ನಲಕ್ಕ ಚರಂಡಿಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಜಾಲರಿಯೊಳಗೆ ಕೈ ಇಳಿಸಿದ್ದಾರೆ. ಟ್ಯಾಂಕರಿನ ನೀರು ಈ ಕಡೆಗೇ ಹರಿದಿತ್ತಂತೆ. ದಿನಕ್ಕೊಂದು ಚರಂಡಿ ಬಾಯಿ ಎಂದು ಲೆಕ್ಕ ಹಾಕಿಕೊಂಡಿದ್ದಾರೆ. ಕೈ ಹೊರಗೆ ಬಂದಾಗ ಎಲೆ, ಕೆಸರು, ಒಂದು ಪ್ಲಾಸ್ಟಿಕ್ ಮುಚ್ಚಳ. ಬರೆಯಲಾ ಬೇಡವಾ ಎನ್ನುತ್ತೇನೆ. ಬೆವರನ್ನು ಭುಜಕ್ಕೆ ಒರೆಸಿಕೊಳ್ಳುತ್ತಾರೆ.

"ಬರೀರಿ. ನನ್ನ ಫೋಟೊ ಬೇಡ. ಹೆಂಗಸರ ಚಪ್ಪಲಿ, ಕಂದೋ ಕಪ್ಪೋ ಗೊತ್ತಿಲ್ಲ, ಬಲಗಾಲಿನದರ ಪಟ್ಟಿಗೆ ಕೋಟಿನ ದಾರದಲ್ಲಿ ಹೊಲಿಗೆ. ಒಂದೇ ಸಿಕ್ಕಿದ್ರೂ ಸಾಕು. ಯಾರಿಗಾದ್ರೂ ಕಂಡ್ರೆ ಹತ್ತಿರದ ಕಟ್ಟೆ ಮೇಲೆ, ರಸ್ತೆಗೆ ಮುಖ ಮಾಡಿ ಇಡೋಕೆ ಹೇಳಿ. ಯಾವ ಬೀದಿ ಆದ್ರೂ ಪರವಾಗಿಲ್ಲ. ನಮ್ಮವರು ಯಾರಾದ್ರೂ ನೋಡೇ ನೋಡ್ತಾರೆ."